ಬೆನ್ನು ತೋರಿಸದ ಚಂದ್ರ

ನಾಗನಾಥ ಮಾಸ್ತರರಿಗೆ ಗೊತ್ತಿಲ್ಲದ ಸಂಗತಿ ಈ ಬ್ರಹ್ಮಾಂಡದಲ್ಲಿ ಇರಲಿಲ್ಲ; ಇದ್ದರೆ ಅದು ಬ್ರಹ್ಮಾಂಡದ್ದೇ ತಪ್ಪು. ಹುಮನಾಬಾದಿನ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿ ಹೇಳಿ, ಬಸವಕಲ್ಯಾಣದ ಮನೆಯಲ್ಲಿ ಕುಡಿಯಲು ನೀರು ಕೇಳಿದರೂ ಪಾಠ ಮಾಡಿದ ಹಾಗೇ ಕೇಳುತ್ತಿದ್ದರು. ಹೆಂಡತಿ ದ್ರೌಪತಿ ಎದುರಿಗೆ ನಿಂತು ತಲೆ ಆಡಿಸುತ್ತಿದ್ದಳು. ಆ ಆಡುವ ತಲೆಯೊಳಗೆ ತಾತ್ಸಾರ ಎಷ್ಟು ವರ್ಷಗಳಿಂದ ಹೆಪ್ಪುಗಟ್ಟಿದೆ ಎಂಬುದೊಂದು ಮಾತ್ರ ಎಲ್ಲ ಬಲ್ಲ ಮಾಸ್ತರರಿಗೆ ತಿಳಿದಿರಲಿಲ್ಲ.

ಮಕ್ಕಳು ದೊಡ್ಡವರಾದ ಮೇಲೆ ದ್ರೌಪತಿ ಟ್ರಂಕಿನ ತಳದಿಂದ ತನ್ನ ಬಿ.ಎಡ್. ಸರ್ಟಿಫಿಕೇಟು ಹೊರಗೆ ತೆಗೆದಳು. ಗಂಡನ ಶಾಲೆಯಲ್ಲೇ ಆರನೇ ತರಗತಿಗೆ ವಿಜ್ಞಾನದ ಟೀಚರು ಬೇಕಾಗಿತ್ತು. "ಒಂದ್ ಪಾಠ ಮಾಡಿ ತೋರಸ್ಲಿ. ನಾನೂ ನಾಗನಾಥ ಸರ್ರೂ ಕುಂತು ನೋಡ್ತೇವಿ, ಪಸಂದ ಆದ್ರ ಜೂನಿಂದ ಬರ್ಲಿ," ಎಂದಿದ್ದರು ಸೆಕ್ರೆಟರಿ ಬಸವಣಪ್ಪ. ಆ ಕೆಲಸ ದ್ರೌಪತಿಗೆ ಬೇಕೇ ಬೇಕಿತ್ತು. ಪಗಾರ ಇರಲಿ, ದಿನದಲ್ಲಿ ಸ್ವಲ್ಪ ಹೊತ್ತಾದರೂ ತಾನು ಮಾತಾಡಬೇಕು, ಎದುರಿನವರು ಕೇಳಬೇಕು.

ಪಾಠ ಗ್ರಹ ನಕ್ಷತ್ರಗಳು ತಮ್ಮ ಅಕ್ಷದ ಮೇಲೆ ತಿರುಗುವುದು. ಹಿಂದಿನ ದಿನ ಮಾಸ್ತರರು ಊಟಕ್ಕೆ ಕೂತಲ್ಲೇ ತಯಾರಿ ಶುರು ಮಾಡಿದರು.

"ಧ್ಯಾನಿಟ್ಟು ಕೇಳು. ಭೂಮಿ ತಿರುಗ್ತದ. ಸೂರ್ಯನೂ ತಿರುಗ್ತಾನ. ಶುಕ್ರ ಉಲ್ಟಾ ತಿರುಗ್ತಾನ. ಚಂದ್ರ ತಿರುಗಂಗಿಲ್ಲ."

"ಯಾಕ್ರಿ?"

"ತಿರುಗಿದ್ರ ಬೆನ್ನು ಕಾಣ್ತಿತ್ತಲ್ಲ! ಯಾವಾಗ್ಲೂ ನಮಗ ಒಂದೇ ಮಾರಿ ತೋರಸ್ತದ. ಇಷ್ಟರೇ ತಿಳೀಬ್ಯಾಡೇನು ನಿಂಗ? ಇನ್ನೊಂದು ರೊಟ್ಟಿ ಹಾಕು."

ದ್ರೌಪತಿ ರೊಟ್ಟಿ ಹಾಕಿದಳು. ಆದರೆ ಆ ಮಾತು ಹಲ್ಲಿನ ಸಂದಿಯ ಎಳ್ಳಿನ ಹಾಗೆ ಸಿಕ್ಕಿಕೊಂಡಿತು. ಮದುವೆಯಾದ ಹೊಸದರಲ್ಲಿ ಅತ್ತೆ ಧೂಳಮ್ಮ ಅವಳನ್ನು ಓಣಿಯ ಮಠಕ್ಕೆ ಕರೆದೊಯ್ದಿದ್ದಳು. ಗದ್ದಿಗೆಗೆ ಬೆನ್ನು ತೋರಿಸಬಾರದೆಂಬುದು ಅವರ ಮನೆತನದ ರೂಢಿ. ಮುಖವನ್ನು ಗದ್ದಿಗೆಯ ಕಡೆಗೇ ಇಟ್ಟು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕಿ ಸುತ್ತು ಬರಬೇಕು. ಆಗ ಅವಳಿಗೆ ತಲೆ ಸುತ್ತು ಬಂದಿತ್ತು. ತಿರುಗದಿದ್ದರೆ ತಲೆ ಸುತ್ತುವುದು ಹೇಗೆ?

ಭಾಂಡೆ ತಿಕ್ಕಿದ ಮೇಲೆ ಅಡುಗೆಮನೆಯ ನಡುವೆ ಸ್ಟೂಲೊಂದನ್ನು ಇಟ್ಟು, ಅದರ ಕಡೆಗೇ ಮುಖ ಮಾಡಿ ಸುತ್ತು ಬಂದಳು. ಒಲೆ, ನೀರಿನ ಕೊಡ, ದೇವರ ಗೂಡು, ಹಿತ್ತಲ ಬಾಗಿಲು ಎಲ್ಲವೂ ಒಂದೊಂದಾಗಿ ಕಣ್ಣೆದುರು ಬಂದು ಹೋದವು. ಸ್ಟೂಲಿಗೆ ಮಾತ್ರ ಅವಳ ಬೆನ್ನು ಕಾಣಲೇ ಇಲ್ಲ.

"ಏನ್ ಹುಚ್ಚ ಹಿಡದದ?" ಮಾಸ್ತರರು ಇಣುಕಿದರು.

"ಉಪ್ಪಿನ ಡಬ್ಬಿ ಹುಡಕಾಕತ್ತೇನ್ರಿ."

ಮರುದಿನ ತರಗತಿಯ ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಪರೀಕ್ಷಕರಿಬ್ಬರೂ ಕೂತರು. ಸೆಕ್ರೆಟರಿ ಆಕಳಿಸಿದರು, ಮಾಸ್ತರರು ಪ್ರತಿ ವಾಕ್ಯಕ್ಕೂ, ತಾವೇ ಹೆತ್ತದ್ದೆಂಬಂತೆ, ತಲೆದೂಗಿದರು. ಭೂಮಿ, ಸೂರ್ಯ, ಉಲ್ಟಾ ತಿರುಗುವ ಶುಕ್ರ ಎಲ್ಲ ಸುಸೂತ್ರವಾಗಿ ಮುಗಿಯಿತು. ಅಷ್ಟರಲ್ಲಿ ಮೊದಲ ಬೆಂಚಿನ ಸಿಮ್ರಾನ್ ಎದ್ದು ನಿಂತಳು.

"ಮೇಡಮ್, ಚಂದ್ರ ತಿರುಗ್ತದೇನ್ರಿ?"

"ತಿರುಗಂಗಿಲ್ಲ!" ಹಿಂದಿನಿಂದ ಮಾಸ್ತರರ ದನಿ ಬಂತು.

"ಸರ್ ಹೇಳಿದ್ರಲ್ಲ, ಮುಂದ ನಡೀರಿ ಮೇಡಮ್," ಎಂದರು ಬಸವಣಪ್ಪ.

ಮನೆಯಲ್ಲಿ ಆಡಿಸಿದಂತೆ ಇಲ್ಲೂ ಒಮ್ಮೆ ತಲೆ ಆಡಿಸಿದ್ದರೆ ಕೆಲಸ ಕೈಗೆ ಬರುತ್ತಿತ್ತು. ದ್ರೌಪತಿ ಸೀಮೆಸುಣ್ಣ ಕೆಳಗಿಟ್ಟಳು. ಕೆಲಸಕ್ಕಾಗಿ ಇಲ್ಲೂ ತಲೆ ಆಡಿಸುವುದಾದರೆ, ಮನೆ ಬಿಟ್ಟು ಬಂದದ್ದಾದರೂ ಯಾಕೆ?

"ತಿರುಗ್ತದ," ಎಂದಳು. "ಸರ್, ಜರಾ ಇಲ್ಲಿ ಬರ್ರಿ."

ಮಕ್ಕಳೆದುರು ಬರುವುದಿಲ್ಲ ಎನ್ನಲಾಗದೆ ಮಾಸ್ತರರು ಬಂದರು. ದ್ರೌಪತಿ ಕರಿಹಲಗೆಯ ಮುಂದೆ ಕುರ್ಚಿ ಎಳೆದುಕೊಂಡು, ಮಕ್ಕಳತ್ತ ಮುಖ ಮಾಡಿ ಕೂತಳು.

"ನಾ ಭೂಮಿ, ನೀವು ಚಂದ್ರ. ಗದ್ದಗಿ ಸುತ್ತ ಬಂದಂಗ ನನ್ನ ಸುತ್ತ ಬರ್ರಿ. ಮಾರಿ ನನ್ನ ಕಡೀನ ಇರ್ಲಿ, ಬೆನ್ನು ತೋರಸಬ್ಯಾಡ್ರಿ. ಮಕ್ಕಳಾ, ಸರ್ ಎದುರಿಗೆ ಏನೇನು ಬರ್ತದ ಒದರ್ರಿ."

ಮಾಸ್ತರರು ಏಡಿಯ ಹಾಗೆ ಅಡ್ಡ ಹೆಜ್ಜೆ ಹಾಕಿದರು.

"ಕರಿಹಲಗಿ!" "ಕಿಡಕಿ!" "ಸೆಕ್ರೆಟರಿ ಸಾಹೇಬ್ರು!" "ಬಾಗಲಾ!"

"ನಾಕೂ ಕಡೆ ನೋಡಿದ್ರಲ್ಲ ಸರ್. ತಿರುಗಿದ್ರೋ ಇಲ್ಲೋ?"

"ನಾ ಎಲ್ಲಿ ತಿರುಗೇನಿ? ಬರೀ ಸುತ್ತ ಬಂದೇನಿ."

"ಹಂಗಾರ ತಿರುಗದ ಬರ್ರಿ ಸರ್," ಎಂದಳು ಸಿಮ್ರಾನ್. "ಕರಿಹಲಗಿ ಕಡೀನ ಮಾರಿ ಇಟ್ಟು."

ಮಾಸ್ತರರು ಹಟದಿಂದ ಕರಿಹಲಗೆಯನ್ನೇ ದಿಟ್ಟಿಸುತ್ತ ಹೊರಟರು. ಕುರ್ಚಿಯ ಹಿಂದೆ ತಲುಪುವಷ್ಟರಲ್ಲಿ ತರಗತಿ ತುಂಬ ಕಿರುಚಾಟ: "ಮೇಡಮ್‍ಗ ಬೆನ್ನು ಮಾಡ್ಯಾರ! ಬೆನ್ನು!" ಅವರು ಗಕ್ಕನೆ ನಿಂತರು. ಅವರ ಬೆನ್ನಿಗೆ ಅಂಗಿ ಬೆವರಿನಿಂದ ಅಂಟಿಕೊಂಡಿತ್ತು.

"ತಿರುಗದವ್ರ ಬೆನ್ನು ಕಾಣ್ತದ," ಎಂದಳು ದ್ರೌಪತಿ. "ಚಂದ್ರನ ಬೆನ್ನು ಕಾಣಂಗಿಲ್ಲ. ಒಂದ್ ಸುತ್ತು ಬರೋದ್ರಾಗ ಒಂದೇ ಸಲ ತನ್ನ ಸುತ್ತ ತಾನೂ ತಿರುಗ್ತದ, ಅದಕ."

ಬಸವಣಪ್ಪ ಹೊಟ್ಟೆ ಹಿಡಿದು ನಕ್ಕರು. ಅವರಿಗೆ ಚಂದ್ರ ಎಷ್ಟು ಅರ್ಥವಾದನೋ, ಮಾಸ್ತರರಂತೂ ಪೂರ್ತಿ ಅರ್ಥವಾಗಿದ್ದರು. "ಮಜಾ ಬಂತು ಬಿಡ್ರಿ. ಜೂನಿಂದ ಬಂದ್ ಬಿಡ್ರಿ ಮೇಡಮ್. ಎಷ್ಟಂದ್ರೂ ಸರ್ ಮನಿ ತಯಾರಿ!"

"ಹೌದ್ರಿ, ನಿನ್ನೆ ಕುಂದರಿಸಿ ಹೇಳಿಕೊಟ್ಟೇನಿ," ಮಾಸ್ತರರು ಕೈ ಮುಗಿದರು. "ತಿರುಗಂಗಿಲ್ಲ ಅಂತ ನಾ ಬೇಕಂತಲೇ ಅಂದಿದ್ದೆ. ಮಕ್ಕಳು ವಿಚಾರ ಮಾಡ್ಲಿ ಅಂತ."

ದ್ರೌಪತಿ ಅವರನ್ನೊಮ್ಮೆ ನೋಡಿದಳು. ಅಕ್ಕಿಯಲ್ಲಿ ಹುಳ ಕಂಡಾಗ ನೋಡುವ ನೋಟ ಅದು: ಸಿಟ್ಟಲ್ಲ, ಮೊರದಲ್ಲಿ ಕೇರಿ ಆಚೆ ಹಾಕುವ ಲೆಕ್ಕ.

ಬಸವಕಲ್ಯಾಣದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಬಸ್ಸು ಹುಮನಾಬಾದ್ ದಾಟುವ ಮೊದಲೇ ಮಾಸ್ತರರು ಶುರು ಮಾಡಿದರು: ಚಂದ್ರ ತಿರುಗುವುದು ಖರೆ, ಆದರೆ ತಾವು ಹೇಳಿದ್ದು ಬೇರೆ ಅರ್ಥದಲ್ಲಿ, ಅದು ಅವಳ ತಲೆಗೆ ಹೋಗುವ ವಿಷಯವಲ್ಲ. ಅಭ್ಯಾಸಬಲದಿಂದ ಅವಳ ಕುತ್ತಿಗೆ ಅವರತ್ತ ಹೊರಳತೊಡಗಿತ್ತು. ಅರ್ಧಕ್ಕೇ ತಡೆದಳು. ಸೆರಗು ಸರಿಮಾಡಿಕೊಂಡು, ಇಡೀ ಮೈಯನ್ನೇ ಕಿಟಕಿಯ ಕಡೆಗೆ ತಿರುಗಿಸಿದಳು. ಹೊರಗೆ ತೊಗರಿ ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

"ಏ, ನಿಂಗ ಹೇಳಾಕತ್ತೇನಿ. ಕೇಳಾಕತ್ತೀಯೋ ಇಲ್ಲೋ?"

"ಹೇಳ್ರಿ," ಎಂದಳು ಹೊಲಗಳಿಗೆ.

ಮಾಸ್ತರರಿಗೆ ಅಷ್ಟು ಸಾಕಿತ್ತು. ಬಸವಕಲ್ಯಾಣ ಬರುವವರೆಗೂ ಅವರು ಅವಳ ಬೆನ್ನಿಗೆ ಪಾಠ ಹೇಳುತ್ತಲೇ ಇದ್ದರು.