ಸಫ್ರಾಳ ಹೆಜ್ಜೆ ಹಿಡಿದು

ಬೆಳಗ್ಗೆ ರೊಟ್ಟಿ ಸುಡಲೆಂದು ಬೂದಿ ಕೆದಕುವಾಗ ನೋಡಿದೆ, ಸಫ್ರಾ ಇರಲಿಲ್ಲ. ಕಾಲಿಗೆ ಕಟ್ಟಿದ್ದ ಹಗ್ಗ ಮಾತ್ರ ಮರಳಿನ ಮೇಲೆ ಬಿದ್ದಿತ್ತು.

ಸಫ್ರಾ ನಮ್ಮ ಹಳದಿ ಒಂಟೆ, ಚೊಚ್ಚಲ ಬಸುರಿ. ದಿನ ತುಂಬಿದ ಒಂಟೆ ಹಿಂಡು ಬಿಟ್ಟು ಎಲ್ಲಾದರೂ ಅಡಗಿಕೊಂಡು ಈಯುತ್ತದೆ. ಚೊಚ್ಚಲಿನದಾದರೆ ಮರಿ ಬಿದ್ದ ಮೇಲೆ ಅದನ್ನು ಕಂಡೇ ಹೆದರಿ, ಹಾಲು ಕೊಡದೆ ಬಿಟ್ಟು ಹೋಗುವುದೂ ಉಂಟು. ಈ ಕೆಂಪು ಬಂಡೆಗಳ ನಡುವೆ ತೋಳಗಳಿಗೇನೂ ಕಡಿಮೆಯಿಲ್ಲ.

"ಹಗ್ಗ ಕಟ್ಟಿದ್ದು ಯಾರು?" ಎಂದೆ.

"ನಾನೇ ಕಣೆ. ಬಿಗಿಯಾಗೇ ಕಟ್ಟಿದ್ದೆ," ಎಂದ ನನ್ನ ಗಂಡ ಸುವೈಲಿಮ್. "ಅವಳು ನಿನ್ನ ಹಾಗೆ. ಕಟ್ಟಿದ್ರೂ ನಿಲ್ಲಲ್ಲ."

ಅವನ ತಮ್ಮನ ಮಗ ದೈಫಲ್ಲಾ ಪಿಕಪ್ ಗಾಡಿ ತಂದು ನಿಲ್ಲಿಸಿದ. "ದೊಡ್ಡಪ್ಪಾ, ಹತ್ತಿ ಕೂತ್ಕೊಳ್ಳಿ, ಒಂದು ಗಂಟೇಲಿ ಹುಡುಕಿಬಿಡೋಣ."

"ನಿನ್ನ ಗಾಡಿ ಚಕ್ರ, ಇರೋ ಹೆಜ್ಜೇನೂ ಅಳಿಸಿಬಿಡುತ್ತೆ," ಎಂದ ಸುವೈಲಿಮ್. " ಹೋಗಿ ಟೀ ಕುಡಿ, ಹೋಗು."

ಹೊತ್ತು ಏರಿದರೆ ದಕ್ಷಿಣದ ಗಾಳಿ ಏಳುವುದಿತ್ತು. ಗಾಳಿ ಎದ್ದರೆ ಹೆಜ್ಜೆ ಮುಗಿಯಿತು. ನಾವಿಬ್ಬರೂ ನೀರಿನ ಚೀಲ ಹೊತ್ತು ನಡೆದೇ ಹೊರಟೆವು.

ನಮ್ಮ ಕುಲದಲ್ಲಿ ಸುವೈಲಿಮ್‌ನ ಹಾಗೆ ಹೆಜ್ಜೆ ಓದುವವರು ಇನ್ನೊಬ್ಬರಿರಲಿಲ್ಲ. ಮರಳು ನೋಡಿ ಒಂಟೆ ಯಾರದು, ಎಷ್ಟು ಹೊತ್ತಿಗೆ ಹೋಯಿತು, ಬಾಯಾರಿತ್ತೋ ಇಲ್ಲವೋ ಎಲ್ಲ ಹೇಳುತ್ತಿದ್ದ. ಆದರೆ ಹೋದ ಖರ್ಜೂರದ ಕಾಲದಿಂದ ಅವನ ಕಣ್ಣಿಗೆ ಪೊರೆ ಬಂದಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ದೂರದಿಂದ ಬರುವವರಿಗೆ ತಾನೇ ಮೊದಲು ಸಲಾಮು ಹೇಳುತ್ತಿದ್ದವನು, ಈಗ ಅವರು ಮಾತಾಡುವ ತನಕ ಮೀಸೆ ನೀವುತ್ತ ನಿಲ್ಲುತ್ತಿದ್ದ. ನಾನೂ ಕೇಳಿರಲಿಲ್ಲ.

ಗುಡಾರದ ಸುತ್ತಲಿನ ಹೆಜ್ಜೆ ಹಸಿಯಾಗಿತ್ತು, ಆಳವಾಗಿತ್ತು. ಅಲ್ಲಿ ಅವನಿಗೂ ಕಂಡಿರಬೇಕು. ಮುಂದೆ ಎರಡು ದಾರಿ ಒಡೆಯುವ ಕಡೆ ನಿಂತುಬಿಟ್ಟ. ಎಡಕ್ಕೆ ಬಯಲು ಮರಳು. ಬಲಕ್ಕೆ ಎರಡು ಬಂಡೆಗಳ ನಡುವಿನ ಇಕ್ಕಟ್ಟು ಕೊರಕಲು.

"ಎಡಕ್ಕೆ," ಎಂದ. "ಇಲ್ನೋಡು, ಸಫ್ರಾ."

ಬಗ್ಗಿ ನೋಡಿದೆ. ಅದು ಯಾವುದೋ ಗಂಡೊಂಟೆಯ ಅಗಲ ಹೆಜ್ಜೆ. ಅದರ ಮೇಲೆ ಜೀರುಂಡೆಗಳು ನಡೆದು ಹೋದ ಸಣ್ಣ ಸಣ್ಣ ಗೆರೆಗಳಿದ್ದವು. ಬಲಗಡೆ, ಕೊರಕಲಿನ ಬಾಯಲ್ಲಿ, ಸಫ್ರಾಳ ಹೆಜ್ಜೆ ನನಗೇ ಸ್ಪಷ್ಟವಾಗಿ ಕಾಣುತ್ತಿತ್ತು.

ಹೇಳಿದರೆ ಅವನಿಗೆ ನೋವು. ಹೇಳದಿದ್ದರೆ ಮರಿ ಹೋಯಿತು. ನಾನು ಮರಳಿನ ಮೇಲೆ ಕುಕ್ಕರಿಸಿ ಕೂತು, ನಮ್ಮ ಮಗನ ಹೆಸರು ಹಿಡಿದು ಅವನನ್ನು ಕರೆದೆ.

"ಅತೀಕನಪ್ಪಾ, ಹೆಜ್ಜೆ ಮೇಲೆ ಜೀರುಂಡೆ ಓಡಾಡಿದ್ರೆ ಏನಂತ ಹೇಳಿಕೊಟ್ಟಿದ್ದೆ? ಮರೆತುಹೋಯ್ತು."

"ರಾತ್ರಿಗೂ ಮುಂಚಿನ ಹೆಜ್ಜೆ ಅಂತ. ಜೀರುಂಡೆ ಓಡಾಡೋದು ರಾತ್ರಿ ತಾನೆ? ಅಷ್ಟೂ..."

ಅಲ್ಲಿಗೇ ನಿಲ್ಲಿಸಿದ. ಬೆರಳಿನಿಂದ ಮರಳು ಮುಟ್ಟಿದ, ಮತ್ತೆ ಮುಟ್ಟಿದ.

"ಯಾವಾಗಿಂದ ಗೊತ್ತು ನಿನಗೆ?"

"ಖರ್ಜೂರ ಕೊಯ್ದಾಗಿಂದ."

"ಮುದುಕಿ! ಬಾಯಿ ಬಿಡಬಾರದಿತ್ತಾ?"

"ನೀನು ಬಿಟ್ಟಿದ್ಯಾ?"

ಅವನಿಗೆ ನಗು ಬಂತು. ಕೋಲು ಚಾಚಿದ, ಹಿಡಿದು ಎದ್ದೆ. "ಸರಿ, ನೀನು ನೋಡಿ ಹೇಳು. ಅದರ ಅರ್ಥ ನಾನು ಹೇಳ್ತೀನಿ. ಬಿಟ್ಟು ಹೇಳಬೇಡ ಮತ್ತೆ."

ಕೊರಕಲೊಳಗೆ ಹೋದೆವು. ಇಲ್ಲಿ ಹಿಂದಿನ ಕಾಲು ಅಗಲಕ್ಕೆ ಇಟ್ಟಿದಾಳೆ ಎಂದೆ. "ಹೊಟ್ಟೆ ಇಳಿದಿದೆ," ಎಂದ. ಇಲ್ಲಿ ಮಲಗಿ ಎದ್ದಿದಾಳೆ, ಮತ್ತೆ ಅಲ್ಲೂ ಎಂದೆ. "ನೋವು ಶುರುವಾಗಿದೆ, ಬೇಗ ನಡಿ." ಅಷ್ಟರಲ್ಲಿ ಮರಳು ಮುಗಿದು ಬರೀ ಕಲ್ಲು ಬಂತು. ಕಲ್ಲು ಮತ್ತೆ ಮೂರು ದಿಕ್ಕಿಗೆ ಸೀಳಿತ್ತು. ಮೇಲೆ ಗಾಳಿ ಶಿಳ್ಳೆ ಹಾಕತೊಡಗಿತ್ತು.

"ಇನ್ನು ಹೆಜ್ಜೆ ಇಲ್ಲ," ಎಂದೆ.

"ಗೋಡೆ ಇದೆಯಲ್ಲ."

ಅಲ್ಲಿ ಹಿಂದಿನವರು ಬಂಡೆಯ ಮೇಲೆ ಕುಟ್ಟಿ ಕುಟ್ಟಿ ಬರೆದಿದ್ದಾರೆ. ಒಂಟೆಗಳು, ಈಟಿ ಹಿಡಿದ ಗಂಡಸರು, ಪಕ್ಕದಲ್ಲಿ ಬಾಚಣಿಗೆಯ ಹಾಗೆ, ಬಳೆಯ ಹಾಗೆ ಕಾಣುವ ಅಕ್ಷರಗಳು. ನಾನು ಒಂದು ಚಳಿಗಾಲವಷ್ಟೇ ಮಾಸ್ತರರ ಗುಡಾರದಲ್ಲಿ ಕೂತವಳು. ನಮ್ಮ ಅಕ್ಷರವೇ ನನ್ನನ್ನು ಕಾಡಿಸುತ್ತದೆ, ಇನ್ನು ಅವರದು! ಆದರೆ ಅವರೂ ಒಂಟೆ ಸಾಕಿದವರು, ಒಂಟೆ ಕಳಕೊಂಡು ಈ ಕೊರಕಲಲ್ಲಿ ಹುಡುಕಿದವರು ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು.

ಸುವೈಲಿಮ್ ಎರಡೂ ಕೈಗಳಿಂದ ಗೋಡೆ ಸವರುತ್ತ, ಒಂದೊಂದೇ ಸೀಳಿನ ಬಾಯಿ ನೋಡುತ್ತ ಹೋದ. ಮೊದಲನೆಯದು ನುಣುಪು. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಕುಟ್ಟಿದ ಒಂಟೆಯೊಂದರ ಬೆನ್ನಿನ ಗೆರೆಯ ಮೇಲೆ ಅವನ ಬೆರಳು ನಿಂತಿತು. ಒರಟು ಗೀರುಗಳಲ್ಲಿ ನಾಲ್ಕು ಎಳೆ ಉಣ್ಣೆ ಸಿಕ್ಕಿಕೊಂಡಿತ್ತು. ಮೂಸಿ ನೋಡಿದ.

"ನೋವಿಗೆ ಪಕ್ಕೆ ಉಜ್ಜಿಕೊಂಡು ಹೋಗಿದಾಳೆ," ಎಂದ. "ಬೆವರು ಇನ್ನೂ ಹಸಿ."

ಸೀಳಿನ ಕೊನೆಯಲ್ಲಿ ಹಿಂದಿನವರು ಮಳೆನೀರಿಗೆಂದು ಕೊರೆದ ತೊಟ್ಟಿ. ಅದರ ಪಕ್ಕದಲ್ಲೇ ಸಫ್ರಾ ನಿಂತಿದ್ದಳು, ಮೈಯೆಲ್ಲ ನಡುಗುತ್ತಿತ್ತು. ಕಾಲ ಬುಡದಲ್ಲಿ ಮರಿ. ಹಾಲಿನಷ್ಟು ಬಿಳಿ. ಅದು ತಲೆಯೆತ್ತಿ ಕೆಚ್ಚಲು ಹುಡುಕಿದಾಗಲೆಲ್ಲ ಅವಳು ಒದ್ದು ಹಿಂದೆ ಸರಿಯುತ್ತಿದ್ದಳು.

ಅವನು ಅವಸರ ಮಾಡಲಿಲ್ಲ. ಗಂಟಲಲ್ಲೇ ಗುನುಗುತ್ತ ಹತ್ತಿರ ಹೋದ. ಮರಿಯ ಮೈಯ ಲೋಳೆಯನ್ನು ಅಂಗೈಗೆ ತೆಗೆದು ಅವಳ ಮೂಗಿಗೆ ಹಚ್ಚಿದ, ಮತ್ತೆ ತೆಗೆದ, ಮತ್ತೆ ಹಚ್ಚಿದ. ನಾನು ಅವಳ ಕೊರಳು ಹಿಡಿದಿದ್ದೆ. ಕೆಚ್ಚಲು ನೀವಿ ಎರಡು ಹನಿ ಮರಿಯ ಬಾಯಿಗೆ ಬಿಟ್ಟ. ಇದಕ್ಕೆಲ್ಲ ಅವನಿಗೆ ಕಣ್ಣು ಬೇಕಾಗಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಸಫ್ರಾ ಕೊರಳು ಬಗ್ಗಿಸಿ ಮರಿಯನ್ನು ಮೂಸಿದಳು, ಸಣ್ಣಗೆ ನರಳಿದ ಹಾಗೆ ದನಿ ಮಾಡಿದಳು. ಈ ಸಲ ಒದೆಯಲಿಲ್ಲ. ಮರಿ ಚಪ್ಪರಿಸುವ ಸದ್ದು ಕಲ್ಲಿಗೆಲ್ಲ ಕೇಳಿಸಿತು.

"ಹೆಣ್ಣು," ಎಂದ ತಡವಿ ನೋಡಿ. ಆಮೇಲೆ ಮೆಲ್ಲಗೆ, "ಬಣ್ಣ ಯಾವುದು ಹೇಳೆ?"

"ಹೇಳಲ್ಲ."

"ಏನು?"

"ಅಕಾಬಾ ಪಟ್ಟಣಕ್ಕೆ ಹೋಗಿ ಡಾಕ್ಟರಿಗೆ ಕಣ್ಣು ತೋರಿಸ್ಕೊಂಡು ಬಾ. ಆಮೇಲೆ ನೀನೇ ನೋಡು."

"ಕತ್ತರಿ ಹಾಕ್ತಾರಂತೆ ಕಣೆ, ಕಣ್ಣಿಗೆ."

"ಹಾಕಲಿ. ನಾನು ಪಕ್ಕದಲ್ಲೇ ಕೂತಿರ್ತೀನಿ."

"ದೈಫಲ್ಲಾನ ಕೇಳ್ತೀನಿ, ಅವನು ಹೇಳ್ತಾನೆ."

"ಹೇಳಿದ್ರೆ ಅವನಿಗೆ ನನ್ನ ಗುಡಾರದಲ್ಲಿ ಇನ್ನು ಟೀ ಇಲ್ಲ."

ಅವನು ಮರಿಯನ್ನು ಮೇಲಂಗಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಮರಿಯ ವಾಸನೆ ಹಿಡಿದು ಸಫ್ರಾ ಹಿಂದೆ ಬಂದಳು. ಹೊರಗೆ ಬರುವಷ್ಟರಲ್ಲಿ ಗಾಳಿ ಎಲ್ಲ ಹೆಜ್ಜೆಗಳನ್ನೂ ಒರೆಸಿಬಿಟ್ಟಿತ್ತು. ದಾರಿಯಲ್ಲಿ ಮೂರು ಸಲ ಬಣ್ಣ ಕೇಳಿದ, ಮೂರನೆಯ ಸಲ ಬೈದೂ ನೋಡಿದ. ನಾನು ಹೇಳಲಿಲ್ಲ. ಗುಡಾರ ಕಾಣುವ ಹೊತ್ತಿಗೆ ಅವನೇ ಕೇಳಿದ: "ಆ ಡಾಕ್ಟರು ಯಾವ ವಾರ ಸಿಗ್ತಾರಂತೆ?"