ನಿಲ್ಲದ ಬಾಣ

ಕಾಲೇಜಿನ ಗೇಟಿಗೆ ತನ್ನದೇ ಮುಖದ ಫ್ಲೆಕ್ಸ್ ಕಟ್ಟಿದ್ದನ್ನು ಸುಮನಾ ಬಸ್ಸಿನ ಕಿಟಕಿಯಿಂದಲೇ ನೋಡಿದಳು. ಇಲ್ಲೇ ಇಳಿಯುವುದೋ, ಮುಂದಿನ ಸ್ಟಾಪಿಗೆ ಹೋಗಿ ಹಿಂದಿನ ಗೇಟಿನಿಂದ ಬರುವುದೋ ಎಂದು ಯೋಚಿಸುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿಬಿಟ್ಟ. ಇಳಿದಳು. ಆರಡಿ ಅಗಲದ ಫ್ಲೆಕ್ಸು. ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದ ಅವಳ ಮುಖ, ಪಕ್ಕದಲ್ಲಿ ಅದರ ಎರಡರಷ್ಟು ದೊಡ್ಡದಾಗಿ ಪ್ರಿನ್ಸಿಪಾಲ್ ರೇಣುಕಾಪ್ರಸಾದರ ಮುಖ. ಕೆಳಗೆ ಕೆಂಪಕ್ಷರದಲ್ಲಿ 'ಜಗತ್ತಿನ ಕಂಪ್ಯೂಟರುಗಳಿಗೆ ಭದ್ರಾವತಿಯ ಕೊಡುಗೆ, ಹಾರ್ದಿಕ ಅಭಿನಂದನೆಗಳು' ಎಂದಿತ್ತು.

ಕೊಡುಗೆ ಎಂದರೆ ನಲವತ್ತು ಸಾಲು. ಅದರ ಹಿಂದಿನ ಕಥೆ ಹೇಳದಿದ್ದರೆ ಫ್ಲೆಕ್ಸಿನ ದೊಡ್ಡಸ್ತಿಕೆ ತಿಳಿಯುವುದಿಲ್ಲ.

ಭದ್ರಾವತಿಯ ಆ ಪಾಲಿಟೆಕ್ನಿಕ್ಕಿನಲ್ಲಿ ಸುಮನಾ ಒಂಬತ್ತು ವರ್ಷದಿಂದ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ದಿನಾ ಶಿವಮೊಗ್ಗದ ರಾಗಿಗುಡ್ಡದಿಂದ ಬಸ್ಸು ಹತ್ತಿ ಬರುವವಳು. ಹೋದ ವರ್ಷ ಕಾಲೇಜಿಗೆ ಯಾವುದೋ ಹೆಸರಿಲ್ಲದ ಕಂಪನಿಯ ಮೂವತ್ತು ಲ್ಯಾಪ್‌ಟಾಪ್ ಬಂದಾಗ, ಹಟ ಹಿಡಿದು ಅವುಗಳಿಗೆಲ್ಲ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ್ದು ಅವಳೇ. ಅದರ ಹೊಟ್ಟೆಯೊಳಗಿರುವ ಕರ್ನಲ್ ಎಂಬ ತಿರುಳನ್ನು ದೇಶದೇಶದ ಸಾವಿರಾರು ಜನ ಸೇರಿ ಬರೆಯುತ್ತಾರೆ, ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ತಿದ್ದಬಹುದು, ಮಕ್ಕಳು ಕಲಿಯಬೇಕಾದ್ದು ಇಂಥದರಲ್ಲಿ ಎಂದು ಅವಳ ವಾದ. ವಾದ ಚೆನ್ನಾಗಿಯೇ ಇತ್ತು. ಕೈಕೊಟ್ಟದ್ದು ಟಚ್‌ಪ್ಯಾಡು. ಬೆರಳು ಸುಮ್ಮನೆ ಇಟ್ಟಿದ್ದರೂ ಪರದೆಯ ಮೇಲಿನ ಬಾಣ ಎಡಕ್ಕೆ ಹಾರುತ್ತಿತ್ತು, ಮೂಲೆಗೆ ಓಡುತ್ತಿತ್ತು, ತೆರೆದಿದ್ದನ್ನು ಮುಚ್ಚುತ್ತಿತ್ತು. ಹುಡುಗರು ಅದಕ್ಕೆ ದೆವ್ವ ಎಂದು ಹೆಸರಿಟ್ಟರು. ಪ್ರಿನ್ಸಿಪಾಲರು, ಪ್ರಾಕ್ಟಿಕಲ್ ಪರೀಕ್ಷೆಯೊಳಗೆ ದೆವ್ವ ಬಿಡದಿದ್ದರೆ ಎಲ್ಲಾ ಅಳಿಸಿ ಹಳೆಯ ಸಿಸ್ಟಮ್ಮೇ ಹಾಕಿಸುತ್ತೇನೆ ಎಂದುಬಿಟ್ಟರು.

ಅಲ್ಲಿಂದ ಎಂಟು ತಿಂಗಳು ಸುಮನಾ ಕೂತಲ್ಲಿ ಕೂರಲಿಲ್ಲ. ಊಟ ರುಚಿಸುತ್ತಿರಲಿಲ್ಲ ಎಂದರೆ ಸುಳ್ಳು. ರುಚಿಸುತ್ತಿತ್ತು, ಆದರೆ ಎರಡು ತುತ್ತಿನ ನಡುವೆ ಎದ್ದು ಹೋಗಿ ಒಂದು ಸಾಲು ತಿದ್ದಿ ಬರುತ್ತಿದ್ದಳು. ಟಚ್‌ಪ್ಯಾಡಿನ ಎಲೆಕ್ಟ್ರಾನಿಕ್ ಚಿಪ್ಪು ಹೇಳಿದ್ದನ್ನು ಕರ್ನಲ್ಲಿಗೆ ತಿಳಿಸುವ ದುಭಾಷಿ ಒಂದಿದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ. ತಪ್ಪು ಅದರಲ್ಲೇ ಇದೆಯೆಂದು ಅವಳ ಗುಮಾನಿ. ಕೊನೆಗೆ ಅದಕ್ಕೆ ನಲವತ್ತು ಸಾಲಿನ ಒಂದು ತೇಪೆ, ಅವರ ಮಾತಿನಲ್ಲಿ ಪ್ಯಾಚ್, ಬರೆದಳು: ಬೆರಳು ದಿಢೀರನೆ ದೂರ ಜಿಗಿದರೆ ತಕ್ಷಣ ನಂಬಬೇಡ, ಒಂದು ಗಳಿಗೆ ತಡೆದು ನೋಡು. ಮನೆಯಲ್ಲಿ ಅವಳದ್ದೂ ಅದೇ ಮಾದರಿಯ ಲ್ಯಾಪ್‌ಟಾಪ್. ಒಂದು ಮಂಗಳವಾರ ಸಂಜೆ ಅದರಲ್ಲಿ ಎರಡು ಗಂಟೆ ಪರೀಕ್ಷಿಸಿದಳು. ಬಾಣದ ಜಾಡು ಗೆರೆಯಾಗಿ ಮೂಡುವ ಒಂದು ಬಿಳೀ ಹಾಳೆ ಪರದೆ ತುಂಬಾ ಹರಡಿತ್ತು, ಗೆರೆ ಎಲ್ಲೂ ಅಲುಗಲಿಲ್ಲ. ಪ್ಯಾಚಿನ ಕೆಳಗೆ, ಅಲ್ಲಿನ ಪದ್ಧತಿಯಂತೆ, 'ಪರೀಕ್ಷಿಸಿದವರು: ಸುಮನಾ' ಎಂದು ಬರೆದು ಕಳಿಸಿದಳು. ಆ ವಿಭಾಗದ ಉಸ್ತುವಾರಿ ಇಂಗ್ರಿಡ್ ಎಂಬಾಕೆ, ನಾರ್ವೆಯವಳು. ಚೆನ್ನಾಗಿದೆ, ಭಾನುವಾರದ ಕಂತೆಯಲ್ಲಿ ಮೇಲಕ್ಕೆ, ಮೂಲ ಕರ್ನಲ್ಲಿಗೆ, ಕಳಿಸುತ್ತೇನೆ ಎಂದು ಉತ್ತರಿಸಿದಳು.

ಈ ಸಂತೋಷವನ್ನು ಸುಮನಾ ಕಾಲೇಜಿನಲ್ಲಿ ಒಬ್ಬರಿಗೆ ಮಾತ್ರ ಹೇಳಿದಳು. ಆ ಒಬ್ಬರು ರೇಣುಕಾಪ್ರಸಾದರಾಗಿದ್ದರಿಂದ ಫ್ಲೆಕ್ಸು ಗೇಟಿಗೆ ಬಂತು.

ಫ್ಲೆಕ್ಸು ಕಂಡ ದಿನ ಶನಿವಾರ. ಸೋಮವಾರ ಪ್ರಾಕ್ಟಿಕಲ್ಲು. ಲ್ಯಾಬಿನ ಅಟೆಂಡರ್ ಧರ್ಮಪ್ಪ ಕಿಟಕಿಗಳನ್ನು ತೆಗೆದು, ಲ್ಯಾಪ್‌ಟಾಪುಗಳ ಧೂಳು ಒರೆಸುತ್ತಿದ್ದ. ಸುಮನಾ ಮೊದಲನೆಯದಕ್ಕೆ ತನ್ನ ಪ್ಯಾಚ್ ಇರುವ ಕರ್ನಲ್ ಹಾಕಿ, ಬೆರಳಿಟ್ಟಳು. ಬಾಣ ಒಂದು ಕ್ಷಣ ತಡೆಯಿತು. ತಡೆದು, ಮೂಲೆಗೆ ಓಡಿತು.

ಎರಡನೆಯದಕ್ಕೆ ಹಾಕಿದಳು. ಅದೂ ಓಡಿತು. ಮೂರನೆಯದೂ ಹಾಗೆಯೇ.

"ಏನ್ ಮೇಡಂ, ದೆವ್ವ ಬಿಡ್ತಾ?" ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಕೇಳಿದರು.

"ಸ್ವಲ್ಪ ಬಾಕಿ ಇದೆ ಸಾರ್."

"ಮಾಡಿ, ಮಾಡಿ. ಸೋಮವಾರ ಪೇಪರ್‌ನವರಿಗೂ ಹೇಳಿದೀನಿ."

ಧರ್ಮಪ್ಪ ಓಡುವ ಬಾಣವನ್ನೂ ನೋಡಿದ, ಮೇಡಮ್ಮಿನ ಮುಖವನ್ನೂ ನೋಡಿದ, ಬಟ್ಟೆ ಹಿಂಡಿಕೊಂಡು ಆಚೆ ಹೋದ. ಬುದ್ಧಿವಂತ.

ಮಧ್ಯಾಹ್ನದ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ ಅವಳಿಗೆ. ಮನೆಯಲ್ಲಿ ನಿಂತಿದ್ದು ಅಲ್ಲಿ ಯಾಕೆ ಓಡುತ್ತೆ? ಎರಡೂ ಒಂದೇ ಮಾದರಿ, ಒಂದೇ ಚಿಪ್ಪು, ಒಂದೇ ಪ್ಯಾಚು. ಮನೆ ತಲುಪಿದವಳೇ ಚಪ್ಪಲಿ ಬಿಟ್ಟು, ಕೈಕಾಲು ತೊಳೆಯದೆ, ತನ್ನ ಲ್ಯಾಪ್‌ಟಾಪ್ ತೆಗೆದು ಗೋಡೆಯ ಪಕ್ಕದ ದಿವಾನಿನ ಮೇಲೆ ಕೂತು ಚಾರ್ಜರ್ ಸಿಕ್ಕಿಸಿದಳು. ಆ ಮಂಗಳವಾರದ ಮೇಲೆ ಅದನ್ನು ಪರೀಕ್ಷಿಸಿಯೇ ಇರಲಿಲ್ಲ. ಪಾಸಾದ ಪರೀಕ್ಷೆಯನ್ನು ಇನ್ನೊಂದು ಸಲ ಯಾರು ಬರೆಯುತ್ತಾರೆ? ಬಿಳೀ ಹಾಳೆ ತೆರೆದು ಬೆರಳಿಟ್ಟಳು. ಗೆರೆ ಸೊಟ್ಟಗೆ ಜಿಗಿಯಿತು. ಮತ್ತೆ ಇಟ್ಟಳು. ಮತ್ತೆ ಜಿಗಿಯಿತು. ಮಂಗಳವಾರ ಕಲ್ಲಿನಂತೆ ನಿಂತಿದ್ದ ಬಾಣ ಇದೇ ದಿವಾನಿನ ಮೇಲೆ, ಇದೇ ಬೆರಳಿನ ಕೆಳಗೆ ಕುಣಿಯುತ್ತಿತ್ತು.

"ಕಾಫಿ ಆರ್ತಾ ಇದೆ ಕಣೆ," ಎಂದು ಅತ್ತೆ ಕಲ್ಲಮ್ಮ ಎರಡು ಸಲ ಕೂಗಿದರು. ಸುಮನಾ ಎರಡು ಸಲವೂ ಹೂಂ ಎಂದಳು. ಹೊರಗೆ ಮೋಡ ಕಟ್ಟಿತು. ಮೇ ತಿಂಗಳ ಮೋಡ, ಮಳೆಗಿಂತ ಮೊದಲು ಸದ್ದೇ ಜಾಸ್ತಿ. ದೂರದಲ್ಲಿ ಒಮ್ಮೆ ಗುಡುಗಿತು. ಅವಳು ಪರದೆಯಿಂದ ಕಣ್ಣು ಕೀಳದೆ ಬೆರಳಿಡುತ್ತಿದ್ದಳು, ಎತ್ತುತ್ತಿದ್ದಳು, ಬೈಯುತ್ತಿದ್ದಳು. ಹತ್ತಿರದಲ್ಲೇ ಇನ್ನೊಂದು ಗುಡುಗು.

ಗೆರೆ ನಿಂತಿತು.

ಬೆರಳು ಒತ್ತಿದಳು, ಎಳೆದಳು. ಬಾಣ ಬೆರಳ ಹಿಂದೆ ಸೌಮ್ಯವಾಗಿ ನಡೆಯಿತು. ನಂಬಲಾಗದೆ ತಲೆಯೆತ್ತಿದರೆ ದಿವಾನಿನ ಪಕ್ಕದಲ್ಲಿ ಕಲ್ಲಮ್ಮ. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಎಡಗೈಯಲ್ಲಿ ಫ್ರಿಜ್ಜಿನ ಪ್ಲಗ್ಗು, ಬಲಗೈಯಲ್ಲಿ ಲ್ಯಾಪ್‌ಟಾಪಿನ ಚಾರ್ಜರು.

"ಗುಡುಗ್ತಾ ಇದೆ, ಕೇಳ್ಸಲ್ವಾ?" ಎಂದರು. ಹೊಳಲೂರಿನ ತವರುಮನೆಯಲ್ಲಿ ಸಿಡಿಲು ಹೊಡೆದು ಟಿ.ವಿ. ಸುಟ್ಟುಹೋದ ಲಾಗಾಯ್ತು, ಮೊದಲ ಗುಡುಗಿಗೇ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ಅವರ ನೇಮ.

ಸುಮನಾ ಆ ಚಾರ್ಜರನ್ನೇ ನೋಡಿದಳು. "ಅತ್ತೆ, ಮೊನ್ನೆ ಮಂಗಳವಾರ ಸಂಜೆ... ಅವತ್ತೂ ಕಿತ್ತಿದ್ರಾ?"

"ಕೀಳ್ದೆ ಇರ್ತೀನಾ? ಅವತ್ತು ಅಷ್ಟೊಂದು ಗುಡುಗಿತ್ತು. ಆಮೇಲೆ ನಾನೇ ಹಾಕಿದ್ನಲ್ಲ."

"ಒಂದ್ ಮಾತು ಹೇಳ್ಬಾರ್ದಾ ನಂಗೆ!" ಸುಮನಾ ಕಿರುಚಿಯೇಬಿಟ್ಟಳು.

"ಹೇಳಿದ್ದೆ ಮಾರಾಯ್ತಿ. ವೈರು ಕಿತ್ತಿದೀನಿ ನೋಡು ಅಂದೆ. ನೀನು ಹೂಂ ಅಂದೆ."

ಅಂದಿರಲೇಬೇಕು. ಎಂಟು ತಿಂಗಳಿಂದ ಈ ಮನೆಯಲ್ಲಿ ಅವಳು ಆಡಿದ ಮಾತೇ ಅದೊಂದು. ಬಾಣವನ್ನು ನಿಲ್ಲಿಸಿದ್ದು ಅವಳ ನಲವತ್ತು ಸಾಲಲ್ಲ, ಅತ್ತೆಯ ಕೈ. ಮಂಗಳವಾರ ಎರಡು ಗಂಟೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆದಿತ್ತು. ಕಾಲೇಜಿನಲ್ಲಿ ಮೂವತ್ತೂ ಬೆಳಗಿನಿಂದ ಸಂಜೆಯವರೆಗೆ ಚಾರ್ಜರಿನಲ್ಲೇ ಇರುತ್ತಿದ್ದವು. ಅವಳು ಪರೀಕ್ಷಿಸಿದ್ದು ಏನನ್ನೂ ಅಲ್ಲ. ಆದರೂ ಕೆಳಗೆ ಹೆಸರು ಬರೆದಿದ್ದಳು, ಮತ್ತು ಆ ಹೆಸರು ನಾಳೆ ಮೇಲಕ್ಕೆ ಹೋಗುತ್ತಿತ್ತು.

ದುರ್ಗಿಗುಡಿಯ ಮೆಡಿಕಲ್ ಶಾಪಿನಿಂದ ಕಾಫಿಗೆ ಬಂದ ಗಂಡ ಮಧು, ಹೆಂಡತಿ ನಡುಮನೆಯಲ್ಲಿ ಶತಪಥ ಹಾಕುವುದನ್ನು ನೋಡಿ ವಿಷಯ ಕೇಳಿದ. ಕೇಳಿ ನಕ್ಕ.

"ರಾಗಿಗುಡ್ಡದಲ್ಲಿ ಗುಡುಗಿದ್ದು ನಾರ್ವೆಯವಳಿಗೆ ಹೆಂಗ್ ಗೊತ್ತಾಗುತ್ತೆ? ಈ ಸಲ ಹೋಗ್ಲಿ ಬಿಡು. ಮುಂದಿನ ತಿಂಗಳು ಸರಿ ಮಾಡಿ ಕಳ್ಸು."

ಆ ಮಾತು ಅವಳಿಗೆ ಹಿತವಾಗಿತ್ತು, ಅದಕ್ಕೇ ಹೆದರಿಕೆಯಾಯಿತು. ಗೇಟಿನ ಫ್ಲೆಕ್ಸು, ಪೇಪರಿನವರು, ಸೋಮವಾರ, ಎಲ್ಲ ಆ ಮಾತಿನ ಕಡೆಗೇ ಇದ್ದವು.

"ಈ ಪ್ಯಾಚ್ ಹೋದ್ರೆ ಈ ಥರ ಪ್ಯಾಡ್ ಇರೋ ಎಲ್ಲರ ಬಾಣಾನೂ ನಿಧಾನ ಆಗುತ್ತೆ ರೀ. ರೋಗ ಹಂಗೇ ಇರುತ್ತೆ. ತಪ್ಪು ಮಾತ್ರೆ ಕೊಟ್ಟು, ಮುಂದಿನ ತಿಂಗಳು ಸರಿಯಾದ್ದು ಕೊಡ್ತೀನಿ ಅಂತ ನೀವು ಯಾರಿಗಾದ್ರೂ ಹೇಳ್ತೀರಾ?"

ಮಧು ಕಾಫಿ ಲೋಟ ಕೆಳಗಿಟ್ಟ. ದಿವಾನಿನ ಮೇಲಿನ ಲ್ಯಾಪ್‌ಟಾಪನ್ನು ಅವಳ ಕೈಗೆ ಕೊಟ್ಟ.

ಅವಳು ಬರೆದಳು. ನಾಲ್ಕು ಸಲ ಅಳಿಸಿದಳು. ಮೊದಲು 'ಪರೀಕ್ಷೆಯ ಪರಿಸರದಲ್ಲಿ ವ್ಯತ್ಯಾಸವಾಗಿತ್ತು' ಎಂದು ಜಾಣತನ ಮಾಡಿದಳು, ಓದಿದರೆ ತನಗೇ ವಾಕರಿಕೆ ಬಂತು. ಕೊನೆಗೆ ಹೀಗೆ ಕಳಿಸಿದಳು: 'ಈ ಪ್ಯಾಚನ್ನು ಕೈಬಿಡಿ. ಪರೀಕ್ಷಿಸಿದ್ದೇನೆ ಎಂದು ಬರೆದಿದ್ದೆ, ಅದು ನಿಜವಲ್ಲ. ಅವತ್ತು ಗುಡುಗು ಬಂತೆಂದು ನಮ್ಮ ಅತ್ತೆ ಚಾರ್ಜರ್ ಕಿತ್ತಿದ್ದರು. ಹೇಳಿದ್ದರು ಕೂಡ. ನಾನು ಕೇಳಿಸಿಕೊಳ್ಳಲಿಲ್ಲ.' ಆ ಪತ್ರಗಳೆಲ್ಲ ಬಹಿರಂಗ. ಯಾರು ಬೇಕಾದರೂ, ಯಾವ ಕಾಲಕ್ಕಾದರೂ ಓದಬಹುದು. ಕಳಿಸಿದ ಧೈರ್ಯ ಆರುವ ಮೊದಲೇ ಪ್ರಿನ್ಸಿಪಾಲರಿಗೆ ಫೋನು ಮಾಡಿದಳು.

"ಸಾರ್, ಆ ಫ್ಲೆಕ್ಸ್ ತೆಗೆಸಿಬಿಡಿ."

"ಯಾಕ್ ಮೇಡಂ, ನಿಮ್ ಫೋಟೋ ಚೆನ್ನಾಗಿ ಬಂದಿಲ್ವಾ?"

ಹೇಳಿದಳು. ಆ ಕಡೆ ಟಿ.ವಿ. ಸದ್ದು ನಿಂತಿತು.

"ಸೋಮವಾರ ಹುಡುಗರು ಏನ್ ಮಾಡ್ಬೇಕು?"

"ಚಾರ್ಜರ್ ಕಿತ್ತು ಕೂರಿಸ್ತೀನಿ ಸಾರ್. ಬ್ಯಾಟರಿ ಎರಡು ಗಂಟೆ ಬರುತ್ತೆ. ಹದಿನೈದು ಹದಿನೈದು ಜನ ಮಾಡಿದ್ರೆ, ಉಳಿದ ಹದಿನೈದು ಚಾರ್ಜ್ ಆಗ್ತಿರುತ್ತೆ."

"ನೋಡಿ, ಪರೀಕ್ಷೆ ಆಗ್ಲಿ. ಜೂನ್‌ನಲ್ಲಿ ಮಾತಾಡೋಣ," ಎಂದು ಅವರು ಫೋನಿಟ್ಟರು. ಜೂನಿನ ಮಾತು ಹಳೆಯ ಸಿಸ್ಟಮ್ಮಿನದೇ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನದವರೆಗೆ ಇಂಗ್ರಿಡ್ ಉತ್ತರವಿಲ್ಲ. ಸುಮನಾ ರೊಟ್ಟಿ ತಟ್ಟುತ್ತಾ ಮೂರು ಸಲ ಹಿಟ್ಟಿನ ಕೈಯಲ್ಲೇ ಫೋನು ಮುಟ್ಟಿದಳು. ಬಂದಾಗ ಮೂರೇ ಸಾಲು. 'ಕೈಬಿಟ್ಟೆ. ಹೇಳಿದ್ದು ಒಳ್ಳೆಯದಾಯಿತು. ಅಂದ ಹಾಗೆ, ಚಾರ್ಜರ್ ಹಾಕಿದ್ದಾರೆ ಎಂದು ಆ ಚಿಪ್ಪಿಗೆ ಯಾರು ಹೇಳುತ್ತಾರೆ?'

ರೊಟ್ಟಿ ಹೆಂಚಿನ ಮೇಲೆ ಸೀಯಿತು. ಯಾರೂ ಹೇಳುತ್ತಿರಲಿಲ್ಲ! ಚಾರ್ಜರಿನಿಂದ ಬರುವ ಕರೆಂಟಿನ ಸಣ್ಣ ಗದ್ದಲವನ್ನೇ ಚಿಪ್ಪು ಬೆರಳೆಂದು ತಿಳಿಯುತ್ತಿತ್ತು. ಗದ್ದಲವನ್ನು ಸೋಸುವ ದಾರಿ ಚಿಪ್ಪಿನಲ್ಲೇ ಇತ್ತು, ಅದನ್ನು ಶುರುಮಾಡು ಎಂದು ಡ್ರೈವರ್ ಹೇಳಬೇಕಿತ್ತು ಅಷ್ಟೇ. ಚಿಪ್ಪಿನ ಕೈಪಿಡಿಯ ಆ ಪುಟವನ್ನು ಅವಳು ಇಪ್ಪತ್ತು ಸಲ ಮಗುಚಿದ್ದಳು. ಹನ್ನೊಂದು ಸಾಲಿನ ಕೆಲಸ.

ಬರೆದು ಮುಗಿಸಿ, ಲ್ಯಾಪ್‌ಟಾಪ್ ದಿವಾನಿನ ಮೇಲಿಟ್ಟು, ಅತ್ತೆಯನ್ನು ಸ್ವಿಚ್ ಬೋರ್ಡಿನ ಪಕ್ಕ ಕುರ್ಚಿ ಹಾಕಿ ಕೂರಿಸಿದಳು.

"ಕೀಳಿ ಅತ್ತೆ."

"ಕಿತ್ತೆ."

"ಹಾಕಿ."

"ಹಾಕ್ದೆ. ಗುಡುಗೇ ಇಲ್ವಲ್ಲೇ, ಯಾಕ್ ಹಿಂಗ್ ಜೀವ ತಿಂತೀಯಾ?"

ನಲವತ್ತು ಸಲ ಕಿತ್ತರು, ನಲವತ್ತು ಸಲ ಹಾಕಿದರು. ನಡುವೆ ಎರಡು ಸಲ ಎಲೆಯಡಿಕೆ ಹಾಕಿಕೊಂಡರು. ಚಾರ್ಜರ್ ಇದ್ದರೂ ಬಾಣ ನಿಂತಿತು, ಇಲ್ಲದಿದ್ದರೂ ನಿಂತಿತು. ಆದರೂ 'ಪರೀಕ್ಷಿಸಿದವರು' ಎಂಬ ಸಾಲಿಗೆ ಬಂದಾಗ ಸುಮನಾಳ ಕೈ ತಡೆಯಿತು. ಎದ್ದು ಹೋಗಿ ಗೋಡೆಯ ಪ್ಲಗ್ಗನ್ನು ತಾನೇ ಮುಟ್ಟಿ ನೋಡಿ, ಸ್ವಿಚ್ಚು ನೋಡಿ, ಪರದೆಯ ಮೂಲೆಯ ಬ್ಯಾಟರಿ ಗುರುತು ನೋಡಿ, ಬಂದು ಬರೆದಳು.

ಅದರ ಮೇಲೆ ಇನ್ನೊಂದು ಸಾಲಿರುತ್ತದೆ, ತೊಂದರೆ ಎಲ್ಲಿದೆಯೆಂದು ತೋರಿಸಿಕೊಟ್ಟವರ ಹೆಸರಿಗೆ.

"ಅತ್ತೆ, ಇಲ್ಲಿ ನಿಮ್ಮ ಹೆಸರು ಹಾಕ್ತೀನಿ. ಕಲ್ಲಮ್ಮ, ಶಿವಮೊಗ್ಗ ಅಂತ. ಆಗಬಹುದಾ? ಒಂದ್ಸಲ ಹಾಕಿದ್ರೆ ತೆಗೆಯಕ್ಕಾಗಲ್ಲ. ಪ್ರಪಂಚದಲ್ಲಿ ಯಾರ್ ಬೇಕಾದ್ರೂ ಓದ್ತಾರೆ."

ಕಲ್ಲಮ್ಮ ಚಾರ್ಜರನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದರು. "ಏನಂತ ಬರೀತೀಯಾ?"

"ನೀವು ವೈರು ಕಿತ್ತಿದ್ರಿ, ಅದ್ರಿಂದ ಗೊತ್ತಾಯ್ತು ಅಂತ."

"ಉಹೂಂ, ಅಷ್ಟೇ ಬರೆದ್ರೆ ಆಗಲ್ಲ," ಎಂದರು ಕಲ್ಲಮ್ಮ. "ಕೆಲಸ ಮಾಡೋ ಸೊಸೆಯ ವೈರು ಕಿತ್ತ ಅತ್ತೆ ಅಂತ ಪ್ರಪಂಚ ಎಲ್ಲಾ ಆಡ್ಕೊಳ್ಳುತ್ತೆ. ಗುಡುಗಿತ್ತು ಅಂತಾನೂ ಬರಿ. ಹೇಳಿಯೇ ಕಿತ್ತೆ ಅಂತಾನೂ ಬರಿ."

ಸುಮನಾ ಈ ಸಲ ಬರೀ ಹೂಂ ಎನ್ನಲಿಲ್ಲ. ಪರದೆಯಿಂದ ಕಣ್ಣು ತೆಗೆದು ಅತ್ತೆಯನ್ನೇ ನೋಡುತ್ತಾ, "ಬರೀತೀನಿ ಅತ್ತೆ," ಎಂದಳು. ಎರಡನ್ನೂ ಬರೆದಳು.