ವಿಂಬಲ್ಡನ್ನಿಗೆ ಹೋದ ಬಿಳಿ ಬೂಟು

ನಾನು ಒಂದು ಜೋಡಿ ಬಿಳಿ ಕ್ಯಾನ್ವಾಸ್ ಬೂಟು. ನೋಡುವವರಿಗೆ ಎರಡು, ಆದರೆ ಎಡ ಬಲ ಸೇರಿದರೆ ಒಂದೇ ಜೀವ. ಅದಕ್ಕೇ ನಾನು ಎಂದು ಹೇಳಿಕೊಳ್ಳುತ್ತೇನೆ. ನನಗೀಗ ಇಪ್ಪತ್ತಾರು ವರ್ಷ. ನಮ್ಮ ಜಾತಿಯಲ್ಲಿ ಇಷ್ಟು ದಿನ ಬಾಳಿದವರು ಕಡಿಮೆ. ನಾನು ಬಾಳಿದ್ದು ಗಟ್ಟಿಯಾಗಿದ್ದೆ ಎಂದಲ್ಲ, ನನ್ನನ್ನು ಯಾರೂ ಹಾಕಿಕೊಳ್ಳಲಿಲ್ಲ ಎಂದು.

ಕಾರ್ಖಾನೆಯಲ್ಲಿ ದಪ್ಪ ಬಟ್ಟೆ ಕತ್ತರಿಸಿ, ಹೊಲಿದು, ರಬ್ಬರಿನ ಅಟ್ಟೆ ಅಂಟಿಸಿ ನನ್ನನ್ನು ಬಿಸಿ ಒಲೆಯೊಳಗೆ ಕೂರಿಸಿದರು. ಹೊರಗೆ ಬಂದಾಗಿನಿಂದ ನನಗೆ ಒಂದೇ ಹುಚ್ಚು, ಓಡಬೇಕು. ಅವರೋ, ತೆಳು ಕಾಗದ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದರು. ಮುಂದೆ ಕಣ್ಣಿಗೆ ಬೆಳಕು ಬಿದ್ದದ್ದು ಗದಗಿನ ಒಂದು ಬೂಟಿನಂಗಡಿಯಲ್ಲಿ.

ಕೊಳ್ಳಲು ಬಂದವರು ಚಂಪಾವತಿ ಅಕ್ಕೋರು, ಹುಡುಗಿಯರ ಹೈಸ್ಕೂಲಿನ ಡ್ರಿಲ್ ಟೀಚರು. ಆ ಕಡೆ ಹೆಂಗಸು ಮಾಸ್ತರರಿಗೆಲ್ಲ ಅಕ್ಕೋರು ಎಂದೇ ಹೆಸರು. ನಾನು ಕೆಳಗಿನಿಂದ ಕಂಡದ್ದು ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲಕ್ಕೆ ಉಟ್ಟ ಸೀರೆ, ಕೊರಳಿನಿಂದ ಜೋತುಬಿದ್ದ ಸೀಟಿ. ಅಂಗಡಿಯವನು ಅಳತೆ ಕೇಳಿದ್ದಕ್ಕೆ ಒಂದು ಸೈಜ್ ದೊಡ್ಡದೇ ಕೊಡಿ, ಬೆಳೆಯುವ ಕಾಲು ಎಂದರು. ಮಕ್ಕಳಿಗೆ ಬೂಟು ಕೊಳ್ಳುವ ಕ್ರಮ ಅಲ್ಲಿ ಹಾಗೆಯೇ. ಈ ವರ್ಷ ತುದಿಗೆ ಹತ್ತಿ ತುರುಕಿ ಹಾಕಿಕೊಳ್ಳಬೇಕು, ಮುಂದಿನ ವರ್ಷ ಹತ್ತಿ ತೆಗೆಯಬೇಕು. ನನ್ನ ಮೂತಿಗೂ ಹತ್ತಿ ತುರುಕಿದರು.

ಆ ಬೆಳೆಯುವ ಕಾಲು ಒಂಬತ್ತನೇ ಇಯತ್ತೆಯ ಮುನೀರಾ ನದಾಫಳದು. ಅವಳ ಅಪ್ಪ ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜುವವನು. ರಬ್ಬರ್ ಬಳೆ ಎಸೆದು ಆಡುವ ರಿಂಗ್ ಟೆನಿಸ್ಸಿನಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿ ಇರಲಿಲ್ಲ. ತಂಡ ಬಳ್ಳಾರಿಗೆ ಪಂದ್ಯಕ್ಕೆ ಹೊರಟಿತ್ತು. ಬಿಳಿ ಬೂಟು ಇಲ್ಲದವರು ಬಸ್ಸು ಹತ್ತಬೇಡಿ ಎಂದು ಅಕ್ಕೋರು ಕಟ್ಟಾಜ್ಞೆ ಮಾಡಿದ್ದರು. ಮುನೀರಾಳಿಗೆ ಬೂಟು ಕೊಳ್ಳುವುದು ಆಗದ ಮಾತು ಎಂದು ಅವರಿಗೆ ಗೊತ್ತಿತ್ತು. ಎಲ್ಲರ ಮುಂದೆ ಕೊಟ್ಟರೆ ಹುಡುಗಿಗೆ ನಾಚಿಕೆಯಾದೀತು, ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಸದ್ದಿಲ್ಲದೆ ಕೊಟ್ಟರಾಯಿತು ಎಂದುಕೊಂಡರು. ಯಾರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.

ಆ ಬೆಳಿಗ್ಗೆ ನಾನು ಅವರ ಸೀಟಿನ ಕೆಳಗಿದ್ದೆ. ಹನ್ನೊಂದು ಜನ ಹುಡುಗಿಯರ ಬಿಳಿ ಬೂಟುಗಳು ಟಪಟಪ ಎಂದು ಹತ್ತಿದವು. ಮುನೀರಾ ಇನ್ನೂ ಬಂದಿಲ್ಲ ಎಂದು ಒಬ್ಬಳು ಹೇಳಿದಳು. ಅಕ್ಕೋರು ಗಡಿಯಾರ ನೋಡಿದರು. ಟೈಮಂದ್ರ ಟೈಮು ಎಂದು ಸೀಟಿ ಊದಿಬಿಟ್ಟರು. ಬಸ್ಸು ಹೊರಟಿತು. ಬಳ್ಳಾರಿಯಲ್ಲಿ ತಂಡ ಮೊದಲ ಪಂದ್ಯದಲ್ಲೇ ಸೋತಿತು, ನಾನು ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ.

ಮರುದಿನ ಕೇಳಿದ್ದಕ್ಕೆ ಮುನೀರಾ ತಲೆ ತಗ್ಗಿಸಿ, ತಡವಾಯಿತು ಎಂದಷ್ಟೇ ಹೇಳಿದಳಂತೆ. ಅಕ್ಕೋರು ಎಲ್ಲರೆದುರು ಅವಳ ನೀರಿಳಿಸಿದರು. ಸಿಟ್ಟು ಇಳಿಯುವ ಹೊತ್ತಿಗೆ ಸಂಕೋಚ ಶುರುವಾಯಿತು. ಐದು ನಿಮಿಷ ಕಾಯಲಾಗದೆ ಹುಡುಗಿಯ ಆಟವನ್ನೇ ಮುಗಿಸಿದೆ ಎಂಬ ಕೊರಗು ಅದರ ಹಿಂದೆ ಬಂತು. ಅಷ್ಟರಲ್ಲಿ ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ನರ್ಸಿಂಗ್ ಕಲಿಯಲು ಹುಬ್ಬಳ್ಳಿಗೆ ಹೋಗಿಯಾಗಿತ್ತು. ನನ್ನನ್ನು ಟ್ರಂಕಿನ ತಳಕ್ಕೆ ಸೇರಿಸಿದರು.

ಇಪ್ಪತ್ನಾಲ್ಕು ವರ್ಷ ನುಸಿಗುಳಿಗೆಯ ವಾಸನೆ ಕುಡಿದುಕೊಂಡು ಅಲ್ಲೇ ಬಿದ್ದಿದ್ದೆ. ವರ್ಷಕ್ಕೊಮ್ಮೆ ತೆಗೆದು, ಹಳದಿಯಾದ ಮೈಗೆ ಬಿಳಿ ಪಾಲಿಶ್ ಬಳಿದು, ಒಣಗಿಸಿ ಮತ್ತೆ ಮುಚ್ಚುತ್ತಿದ್ದರು. ಜೈಲಿನವರು ಹಬ್ಬದ ದಿನ ಕೈದಿಗೆ ಪಾಯಸ ಬಡಿಸಿದ ಹಾಗೆ. ಬಿಡುವುದಿಲ್ಲ, ಎಸೆಯುವುದೂ ಇಲ್ಲ. ನನಗೆ ಅವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಮುನೀರಾ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಳು. ಹೋದ ವರ್ಷ ಒಂದು ದಿನ ಫೋನು ಮಾಡಿದಳು. ಶಾಲೆಯ ಮೈದಾನದ ಮೂಲೆಯಲ್ಲಿ ಒಂದಿಷ್ಟು ಗರಿಕೆ ಬೆಳೆಯುತ್ತಿತ್ತು, ಅದಕ್ಕೆ ಅಕ್ಕೋರು ವಿಂಬಲ್ಡನ್ ಎಂದು ಹೆಸರಿಟ್ಟಿದ್ದರು. ನಿಜವಾದ ವಿಂಬಲ್ಡನ್ ತೋರಿಸುತ್ತೇನೆ, ಬನ್ನಿ ಎಂದು ಕರೆದಳು. ಅಕ್ಕೋರು ಟ್ರಂಕು ತೆರೆದು ನನ್ನ ಮುಂದೆ ತುಂಬ ಹೊತ್ತು ಕೂತರು.

"ಈ ಸರ್ತಿ ಕೊಟ್ಟು, ತಪ್ಪಾತು ಅಂತ ಹೇಳಿಬಿಡ್ತೀನಿ," ಎಂದರು. ಮನೆಯಲ್ಲಿ ನನ್ನನ್ನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಸೂಟ್‌ಕೇಸಿನಲ್ಲಿ ರಟ್ಟಿನ ಪೆಟ್ಟಿಗೆ ಜಾಗ ತಿನ್ನುತ್ತದೆ ಎಂದು ಅದನ್ನು ಬಿಟ್ಟು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಶೇಂಗಾ ಚಟ್ನಿಯ ಡಬ್ಬಿಗೂ ಸ್ವೆಟರಿಗೂ ನಡುವೆ ತುರುಕಿದರು. ಜೈಲು ಬದಲಾಯಿತು ಅಷ್ಟೇ. ಲಂಡನ್ನಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಸೂಟ್‌ಕೇಸು ತೆರೆಯುವರು, ನನ್ನನ್ನು ಮುಟ್ಟುವರು, ಮುಚ್ಚುವರು. ಹದಿಮೂರು ದಿನ ಹಾಗೇ ಕಳೆಯಿತು. ಹದಿನಾಲ್ಕನೆಯ ದಿನ ವಿಂಬಲ್ಡನ್ನು, ಹದಿನೈದನೆಯ ದಿನ ವಿಮಾನ. ವಿಂಬಲ್ಡನ್ನಿನ ದಿನ ನನ್ನನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಹೊರಟರು.

ರೈಲಿಳಿದು ನಡೆದು ಒಂದು ದೊಡ್ಡ ಪಾರ್ಕು ಸೇರಿದರು. ಟಿಕೆಟ್ಟಿಗೆ ಅಲ್ಲಿ ಸರದಿ. ಬಂದವರ ಕೈಗೆ ನಂಬರಿನ ಚೀಟಿ ಕೊಡುತ್ತಾರೆ, ಜನ ಹುಲ್ಲಿನ ಮೇಲೆ ಕೂತು ತಿನ್ನುತ್ತ, ಓದುತ್ತ ಕಾಯುತ್ತಾರೆ. ಯಾರೂ ನುಗ್ಗುವುದಿಲ್ಲ. ಮೂವತ್ತು ವರ್ಷ ಗಂಟಲು ಹರಿದುಕೊಂಡರೂ ತಮಗೆ ಇಂಥ ಸಾಲು ನಿಲ್ಲಿಸಲಾಗಲಿಲ್ಲ ಎಂದು ಅಕ್ಕೋರು ಹೊಟ್ಟೆಕಿಚ್ಚು ಪಟ್ಟರು. ಅಲ್ಲಿ ಮೂರು ಸಲ ಅವರ ಕೈ ಚೀಲದೊಳಗೆ ಬಂತು. ಮೂರು ಸಲವೂ ನನ್ನ ಲೇಸನ್ನು ಹಿಡಿದು ನೋಡಿ, ಕೊನೆಗೆ ಶೇಂಗಾ ಹೋಳಿಗೆ ತೆಗೆದುಕೊಂಡು ಹೋಯಿತು. ಮುನೀರಾ ಸಾಕು ಎನ್ನುವಷ್ಟು ಹೋಳಿಗೆ ತಿಂದಳು.

ಗೇಟಿನಲ್ಲಿ ಚೀಲ ತಪಾಸಣೆ. ಕಾವಲಿನವನು ನನ್ನನ್ನೇ ಮೇಲೆತ್ತಿ, ಇದು ಯಾರದು ಎಂದು ಕೇಳಿದ. ನನ್ನ ವಿದ್ಯಾರ್ಥಿನಿಯದು ಎಂದು ಅಕ್ಕೋರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ಎಷ್ಟು ಸಲೀಸಾಗಿ ಬಂತು ಮಾತು. ಆದರೆ ಮುನೀರಾ ಆಚೆಯ ಮೇಜಿನಲ್ಲಿ ತನ್ನ ಚೀಲ ತೋರಿಸುತ್ತಿದ್ದಳು, ಅವಳಿಗೆ ಕೇಳಲಿಲ್ಲ. ನಾನು ಮತ್ತೆ ಒಳಗೆ ಹೋದೆ.

ಅವರಿಗೆ ಸಿಕ್ಕಿದ್ದು ಮೈದಾನದೊಳಗೆ ಓಡಾಡುವ ಟಿಕೆಟ್ಟು, ದೊಡ್ಡ ಕೋರ್ಟಿನದಲ್ಲ. ಒಂದು ಸಣ್ಣ ಕೋರ್ಟಿನ ಅಂಚಿನಲ್ಲಿ ನಿಂತು ಅಕ್ಕೋರು ಆಟ ಬಿಟ್ಟು ಗೆರೆ ನೋಡಿದರು. ಹಗ್ಗ ಹಿಡಿದು ಸುಣ್ಣ ಹಾಕಿದ ನಮ್ಮ ಗೆರೆಯೂ ಇದಕ್ಕೆ ಕಡಿಮೆಯಿರಲಿಲ್ಲ ಎಂದರು. ಚೆಂಡಿನ ಸದ್ದು, ಚಪ್ಪಾಳೆ, ಓಡುವ ಬೂಟುಗಳು ಹುಲ್ಲಿನ ಮೇಲೆ ಸರ್ರೆಂದು ಜಾರುವ ಸದ್ದು ನನಗೂ ಕೇಳಿಸುತ್ತಿತ್ತು. ಹತ್ತಡಿ ಆಚೆ ನಮ್ಮವರು ಓಡುತ್ತಿದ್ದರು, ನಾನು ಚೀಲದಲ್ಲಿ ಹೋಳಿಗೆಯ ಡಬ್ಬಿಯ ಜೊತೆ. ಅತ್ತುಬಿಡೋಣ ಅನಿಸಿತು.

ಸಂಜೆ ಇಬ್ಬರೂ ಹುಲ್ಲಿನ ಇಳಿಜಾರಿನಲ್ಲಿ ಕೂತರು. ಇನ್ನರ್ಧ ಗಂಟೆಗೆ ಹೊರಡೋಣ, ನಿಮ್ಮ ಸಾಮಾನು ಕಟ್ಟಬೇಕಲ್ಲ ಎಂದಳು ಮುನೀರಾ. ಆಗ ಅಕ್ಕೋರ ಕೈ ಬಂತು. ಈ ಸಲ ಹೋಳಿಗೆಯ ಡಬ್ಬಿ ಬಿಟ್ಟು ನನ್ನನ್ನೇ ಹಿಡಿಯಿತು.

"ಇವು ನಿನ್ನವು, ಮುನೀರಾ. ಆವತ್ತ ಬಸ್ಸಿನ್ಯಾಗ ಕೊಡಬೇಕಂತ ಇಟ್ಕೊಂಡಿದ್ದೆ. ನೀ ಬರೂದು ಐದು ನಿಮಿಷ ತಡಾ ಆತು, ನಾ ಸೀಟಿ ಊದಿಬಿಟ್ಟೆ. ನಂದು ತಪ್ಪಾತು."

ಮುನೀರಾ ನನ್ನನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಾ ತಡಾ ಮಾಡಿದ್ದಿಲ್ಲರಿ ಅಕ್ಕೋರ. ಎಲ್ಲಾರಕಿಂತ ಮೊದಲ ಬಂದಿದ್ದೆ. ಬೇವಿನ ಗಿಡದ ಹಿಂದ ನಿಂತಿದ್ದೆ. ಎಲ್ಲಾರ ಕಾಲಾಗೂ ಬೂಟ ಇದ್ದುವು, ನನ್ನ ಕಾಲಾಗ ಇರಲಿಲ್ಲ. ನೀವು ಒಮ್ಮೆ ಕರದ್ರ ಓಡಿ ಬರೂದಂತ ನಿಂತಿದ್ದೆ."

ಅಕ್ಕೋರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇಷ್ಟು ವರ್ಷ ನನ್ನನ್ನು ಬಂಧಿಸಿಟ್ಟದ್ದು ಐದು ನಿಮಿಷ ಎಂದು ನಾನೂ ನಂಬಿದ್ದೆ. ಅಲ್ಲ, ಆ ಹುಡುಗಿಗೂ ನನಗೂ ನಡುವೆ ಇದ್ದದ್ದು ಒಂದು ಮಾತು ಮಾತ್ರ. ಅದನ್ನು ಅಕ್ಕೋರು ಬಸ್ಸು ಹೊರಡುವ ಹಿಂದಿನ ದಿನವೇ ಆಡಿಬಿಡಬಹುದಿತ್ತು.

ಮುನೀರಾ ತನ್ನ ಬೂಟು ಬಿಚ್ಚಿ, ನನ್ನ ಮೂತಿಯ ಹತ್ತಿ ತೆಗೆದು, ಕಾಲು ತೂರಿಸಿದಳು. ಅಳತೆ ತೆಗೆದು ಹೊಲಿದಂತೆ ಕೂತೆ. ಲೇಸು ಕಟ್ಟಿ ಎದ್ದು ನಿಂತಳು. ಹುಟ್ಟಿದ ಮೇಲೆ ಮೊದಲ ಸಲ ನನ್ನ ಮೇಲೆ ಒಂದು ಮೈಯ ಭಾರ ಬಿತ್ತು, ಕೆಳಗೆ ಹುಲ್ಲು ತಾಕಿತು. ಇಷ್ಟು ಸಂತೋಷವನ್ನು ತಡೆಯುವ ಶಕ್ತಿ ನನಗಿರಲಿಲ್ಲ. ಜೋಪಾನವಾಗಿ ಇಟ್ಟು ಇಟ್ಟು ನನ್ನ ಅಂಟೆಲ್ಲ ಒಣಗಿಹೋಗಿತ್ತು. ಇಪ್ಪತ್ತು ಹೆಜ್ಜೆಗೆ ಎಡಗಡೆಯ ಅಟ್ಟೆ ಬಾಯಿಬಿಟ್ಟಿತು. ಅಕ್ಕೋರು ಅಯ್ಯೋ ಎಂದರು, ಮುನೀರಾ ನಕ್ಕಳು. ನರ್ಸಲ್ಲವೇ, ಚೀಲದಲ್ಲಿದ್ದ ಗಾಯದ ಪಟ್ಟಿಯನ್ನು ನನಗೆ ಸುತ್ತಿದಳು. ನಿನ್ನ ಬೂಟನ್ನೇ ಹಾಕಿಕೋ ಎಂದು ಅಕ್ಕೋರು ಎಷ್ಟು ಹೇಳಿದರೂ ನನ್ನನ್ನು ಬಿಚ್ಚಲಿಲ್ಲ.

ಈಗ ನಾನಿರುವುದು ಅವಳ ಮನೆಯ ಬಾಲ್ಕನಿಯಲ್ಲಿ, ಪುದೀನದ ಕುಂಡದ ಪಕ್ಕ. ಅಟ್ಟೆ ಎರಡೂ ಹೋಗಿವೆ, ಇನ್ನು ನಡೆಯುವ ಮಾತಿಲ್ಲ. ಬಿಸಿಲು, ಮಳೆ ಎರಡೂ ಮೈಮೇಲೆ ಬೀಳುತ್ತವೆ. ವಿಂಬಲ್ಡನ್ನಿಗೆ ಹೋಗಿಬಂದವನು ಏನು ನೋಡಿದೆ ಎಂದು ಕೇಳಿದರೆ ಆಟದ ಬಗ್ಗೆ ಹೇಳಲು ನನಗೆ ಏನೂ ಗೊತ್ತಿಲ್ಲ. ನಾನು ನೋಡಿದ್ದು ಬರುವಾಗ, ರೈಲ್ವೆ ಸ್ಟೇಷನ್ನಿನಲ್ಲಿ.

ಪಟ್ಟಿಯೂ ಬಿಚ್ಚಿಕೊಂಡು ನಾನು ಪಟಪಟ ಎನ್ನುತ್ತಿದ್ದೆ. ಮುನೀರಾ ಕಾಲೆಳೆಯುತ್ತ ಮೆಟ್ಟಿಲ ಮೇಲೇ ಉಳಿದಳು. ಅಕ್ಕೋರು ಮುಂದೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿದ್ದರು. ರೈಲು ಬಂದು ಬಾಗಿಲು ತೆರೆಯಿತು, ಜನರೆಲ್ಲ ಹತ್ತಿದರು. ನೀವು ಹತ್ತಿ, ನಾನು ಓಡಿ ಬರುತ್ತೇನೆ ಎಂದು ಮುನೀರಾ ಮೇಲಿನಿಂದ ಕೂಗಿದಳು. ಟೈಮಂದ್ರ ಟೈಮು ಎನ್ನುತ್ತಿದ್ದ ಚಂಪಾವತಿ ಅಕ್ಕೋರು ರೈಲಿಗೆ ಬೆನ್ನು ಮಾಡಿ, ಅವಳತ್ತ ಮುಖ ಮಾಡಿ ನಿಂತರು. ಬಾಗಿಲು ಮುಚ್ಚಿತು, ರೈಲು ಹೋಯಿತು.

"ಸಾವಕಾಶ ಬಾ," ಎಂದರು. "ನಾ ಇಲ್ಲೇ ನಿಂತೀನಿ."